ಮೂತ್ರಚೀಲದಾಗ ಗ್ಯಾಸ್ ಅಂತಾರ, ಯಾರಿಗಾದ್ರೂ ಆಗ್ಯದೇನ್ರಿ?

ಯಾದಗಿರಿ: ಅವ್ವಗ 68, ಇಪ್ಪತ್ತು ವರ್ಷದ ಶುಗರ್. ಸಿಟಿ ಸ್ಕ್ಯಾನ್ ರಿಪೋರ್ಟಿನಾಗ ‘ಎಂಫಿಸಿಮೇಟಸ್ ಸಿಸ್ಟೈಟಿಸ್’ ಅಂತ ಬರದಾರ, ಅಂದ್ರ ಸೋಂಕು ಆಗಿ ಮೂತ್ರಚೀಲದಾಗ ಗ್ಯಾಸ್ ಆಗೂದಂತ. ಡಾಕ್ಟ್ರು ಇಲ್ಲೇ ಅಡ್ಮಿಟ್ ಮಾಡ್ರಿ ಅಂತಾರ, ತಮ್ಮ ಹೈದರಾಬಾದ್ ಅಂತಾನ. ಅನುಭವ ಇದ್ದವರು ಹೇಳ್ರಿ.

ಕಲಬುರಗಿ: ನಮ್ಮವ್ವಗ ಹೋದ ವರ್ಷ ಆಗಿತ್ತು. ಉಚ್ಚಿ ಕೆಂಪಗ, ಒಂದಕ್ಕ ಕುಂತ್ರ ಗುಳ್ಳಿ ಒಡದಂಗ ಸಪ್ಪಳ. ನಾಚಿಕಿಗಿ ಎಂಟು ದಿನ ಬಾಯಿ ಬಿಡಲಿಲ್ಲ. ಆಮ್ಯಾಲ ನಾನೇ ಮೆಡಿಕಲ್ಲಿನಿಂದ ಮೂರು ದಿನದ ಗುಳಿಗಿ ತಂದು ಕೊಟ್ಟೆ. ಆ ಮೂರು ದಿನ ನೆನಸಿದ್ರ ಈಗೂ ನಿದ್ದಿ ಬರೂದಿಲ್ಲ. ಅಡ್ಮಿಟ್ ಮಾಡಿದಾಗ ಶುಗರ್ 438. ಉಚ್ಚಿಯಾಗ ಯಾವ ಬ್ಯಾಕ್ಟೀರಿಯಾ ಅಂತ ನೋಡೂ ಕಲ್ಚರ್ ಪರೀಕ್ಷಾದಾಗ ಇ. ಕೊಲೈ ಬಂತು, ಮೊದಲಿನ ಇಂಜೆಕ್ಷನ್ನಿಗೆ ಬಗ್ಗಲಿಲ್ಲ, ಬ್ಯಾರೆ ಹಚ್ಚಿದ್ರು. ದಿನಕ್ಕ ಮೂರು ವಯಲ್, ಒಂದಕ್ಕ 640, ಹದಿನಾಲ್ಕು ದಿನ, ಬರೇ ಅದಕ್ಕೇ 26,880. ಉಚ್ಚಿ ಇಳಸೂ ನಳಿಗಿ, ಕ್ಯಾತಿಟರ್, ಎರಡು ಸಲ ಕಟ್ಕೊಂಡಿತು, ರಾತ್ರಿ ಎರಡಕ್ಕ ನರ್ಸ್ ಹುಡುಕ್ಯಾಡೀನಿ. ಆಪರೇಷನ್ ಇಲ್ಲದಂಗ ಮನಿಗಿ ಬಂದ್ಳು.

ಬೀದರ್: ನಾವು ಒಂದಿನಾನೂ ಕಾಯಲಿಲ್ಲ. ಅಪ್ಪಗ 74. ಆಂಬುಲೆನ್ಸಿಗೆ 9,500 ಕೊಟ್ಟು ರಾತ್ರೋರಾತ್ರಿ ಹೈದರಾಬಾದ್. ಗ್ಯಾಸ್ ಎಡಗಡಿ ಕಿಡ್ನಿಗೂ ಏರಿತ್ತು, ಬೆನ್ನಿನಿಂದ ನಳಿಗಿ ಹಾಕಿ ಕೀವು ತಗದ್ರು. ಹನ್ನೊಂದು ದಿನ ಐಸಿಯು, 4 ಲಕ್ಷ 12 ಸಾವಿರ. ಎರಡು ಎಕರೆ ತೊಗರಿ ಹೊಲ ಅಡ ಇಟ್ಟೀನಿ. ಇವತ್ತು ಅಪ್ಪ ಕಟ್ಟಿ ಮ್ಯಾಲ ಕುಂತು ಚಾ ಕುಡ್ಯಾಕತ್ಯಾನ. ರೊಕ್ಕದ ಮುಖ ನೋಡಿ ಊರಾಗ ಇಟ್ಕೊಳ್ಳವರಿಗಿ ನಾ ಏನೂ ಹೇಳಂಗಿಲ್ಲ.

ಕಲಬುರಗಿ: ರೊಕ್ಕಕ್ಕ ಅವ್ವನ್ನ ಇಲ್ಲಿಟ್ಟೆ ಅಂತೀರೇನ್ರಿ? ಮಾತು ನೋಡಿ ಆಡ್ರಿ. ಕಿಡ್ನಿಗೆ ಏರಿದ್ದು ಬ್ಯಾರೆನೇ ಗಂಡಾಂತರ. ಮೂತ್ರಚೀಲದಾಗ ಅಷ್ಟೇ ಇದ್ರ ಆಂಟಿಬಯೋಟಿಕ್, ಕ್ಯಾತಿಟರ್, ಶುಗರ್ ಹಿಡಿತ ಇವೇ ಮೂರು. ಹೈದರಾಬಾದಿನಾಗೂ ಮೊದಲ ಇವೇ ಹಚ್ಚತಾರ.

ಸೇಡಂ: ಇಬ್ಬರೂ ಊರಿನ ಮ್ಯಾಲ ಜಗಳ ತಗದೀರಿ. ನಮ್ಮತ್ತಿ ಉರಿಮೂತ್ರ ಅಂತ ಬಾರ್ಲಿ ನೀರು ಕುಡದೇ ಹತ್ತು ದಿನ ಕಳದ್ಳು. ಉಚ್ಚಿಯೊಳಗಿನ ಸಕ್ರಿ ತಿಂದು ಬ್ಯಾಕ್ಟೀರಿಯಾ ಗ್ಯಾಸ್ ಬಿಡ್ತಾವಂತ, ಹಿಟ್ಟು ಹುಳಿ ಬಂದು ಉಬ್ಬಿದಂಗ. ಸ್ಕ್ಯಾನ್ ಮಾಡೂದರಾಗ ಬಿಪಿ ಇಳದಿತ್ತು. ಉಳೀಲಿಲ್ಲ. 2013ರಾಗ ನಮ್ಮ ಭಾಗಕ್ಕ ವಿಶೇಷ ಸ್ಥಾನಮಾನ ಕೊಡೂ ಸಂವಿಧಾನದ 371ಜೆ ಕಲಂ ಬಂತು, ಇನ್ನೂ ಸ್ಕ್ಯಾನಿಗೆ ತಾಲೂಕು ಬಿಟ್ಟು ಓಡೂದು ತಪ್ಪಿಲ್ಲ.

ಬೀದರ್: 371ಜೆ ನೌಕರಿ, ಸೀಟಿನ ಮಾತು. ಇಲ್ಲ್ಯಾಕ ತಂದ್ರಿ?

ಸೇಡಂ: ಆ ಸೀಟಿನಾಗ ಓದಿದ ಡಾಕ್ಟ್ರು ನಮ್ಮ ತಾಲೂಕಿಗೆ ಬರಬೇಕಲ್ರಿ! ನನ್ನ ಅತ್ತಿ ಸತ್ತಾಳ, ನಾ ಕೇಳೇ ಕೇಳ್ತೀನಿ.

ಯಾದಗಿರಿ: ಕಿಡ್ನಿಯಾಗ ಗ್ಯಾಸ್ ಇಲ್ಲ ಅಂದ್ರು. ಇಲ್ಲೇ ಅಡ್ಮಿಟ್ ಮಾಡೇವಿ, ತಮ್ಮ ಮಾತು ಬಿಟ್ಟಾನ. ಕಲ್ಚರ್ ನಾಡದ ಬರ್ತದ.

ಕಲಬುರಗಿ: ಕ್ಯಾತಿಟರಿಗಿ ಹಚ್ಚಿದ ಉಚ್ಚಿ ಚೀಲ ಮಂಚಕ್ಕಿಂತ ಕೆಳಗ ತೂಗಹಾಕ್ರಿ, ನೆಲಕ್ಕ ತಾಗಬಾರದು. ತಾಸಿಗೊಮ್ಮಿ ನೋಡ್ರಿ, ಉಚ್ಚಿ ಇಳೀಲಿಲ್ಲಂದ್ರ ಅವಾಗೇ ನರ್ಸಿಗೆ ಹೇಳ್ರಿ.