ವಕೀಲರ ಸನ್ನದು ರದ್ದಾಗಿದೆ, ಅವರು ಮಾಡಿಕೊಟ್ಟ ಪತ್ರಗಳ ಗತಿ ಏನು?

ಯಲಹಂಕದಿಂದ ಪ್ರಶ್ನೆ:
ಅಪ್ಪ ಸೈಟು ತಗೊಂಡಾಗ ಕ್ರಯಪತ್ರ ಬರೆದುಕೊಟ್ಟವರು, ಆಮೇಲೆ ಅವರ ವಿಲ್ ಬರೆದವರು, ಈಗ ಕಾಂಪೌಂಡ್ ತಕರಾರಿನ ಕೇಸು ನಡೆಸುತ್ತಿರುವವರು, ಎಲ್ಲಾ ಒಬ್ಬರೇ ವಕೀಲರು. ಅವರ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ರದ್ದಾಗಿದೆ ಅಂತ ಮೊನ್ನೆ ಗೊತ್ತಾಯಿತು. ಅಪ್ಪನಿಗೆ ನಿದ್ದೆಯೇ ಇಲ್ಲ. ಸೈಟು ಕೈತಪ್ಪಿ ಹೋಗುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಜಯನಗರದಿಂದ:
ಮೊದಲು ಅಪ್ಪನಿಗೆ ಧೈರ್ಯ ಹೇಳಿ. ಕ್ರಯಪತ್ರ ಬರೆದವರ ಸನ್ನದಿನ ಮೇಲೆ ಸೈಟು ನಿಂತಿಲ್ಲ. ಹಳೆಯ ಪತ್ರ ಯಾವುದಾದರೂ ತೆಗೆದು ನೋಡಿ, ಕೊನೆಯಲ್ಲಿ 'ಬಿಕ್ಕಲಂ' ಅಂತ ಬರೆದವರ ಹೆಸರು ಇರುತ್ತದೆ. ಎಷ್ಟೋ ಸಲ ಅವರು ವಕೀಲರೇ ಅಲ್ಲ, ಪತ್ರ ಬರಹಗಾರರು. ಮಾರುವ ಹಕ್ಕಿದ್ದವರೇ ಸಹಿ ಹಾಕಿದ್ದಾರಾ, ಸ್ಟ್ಯಾಂಪ್ ಡ್ಯೂಟಿ ಕಟ್ಟಿದೆಯಾ, ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಫೋಟೋ, ಹೆಬ್ಬೆಟ್ಟು ಆಗಿ ನೋಂದಣಿ ಆಗಿದೆಯಾ, ಇದೇ ಮುಖ್ಯ.

ಆದರೆ ನೋಂದಣಿ ಆಗಿದೆ ಅಂತ ಆ ವಕೀಲರ ಬಾಯಿಮಾತು ನಂಬಬೇಡಿ. ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಇಸಿ (ಆ ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿ) ತೆಗೆಸಿ, ದೃಢೀಕೃತ ನಕಲು ತರಿಸಿ, ಮನೆಯಲ್ಲಿರುವ ಪತ್ರದ ಜೊತೆ ಸಾಲು ಸಾಲು ಹೋಲಿಸಿ. ನಮಗೂ ಇದೇ ಆಗಿತ್ತು. ನಮ್ಮ ವಕೀಲರು ಅಮಾನತಾದ ಮೇಲೆ ಹೀಗೆ ನೋಡಿದಾಗ ಚೆಕ್ಕುಬಂದಿಯಲ್ಲಿ (ಸೈಟಿನ ನಾಲ್ಕು ದಿಕ್ಕಿನ ಗಡಿ ವಿವರ) ಪೂರ್ವ, ಪಶ್ಚಿಮ ಅದಲು ಬದಲಾಗಿತ್ತು. ಮಾರಿದವರು ಒಳ್ಳೆಯವರು, ಬಂದು ತಿದ್ದುಪಡಿ ಪತ್ರಕ್ಕೆ ಸಹಿ ಹಾಕಿದರು. ಮುಂದೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕ್ರಯಪತ್ರದ ಬಗ್ಗೆ ಮಾತೇ ಎತ್ತಲಿಲ್ಲ. ಆ ವಕೀಲರು ಕೊಟ್ಟಿದ್ದ ಲೀಗಲ್ ಒಪೀನಿಯನ್ (ಪತ್ರಗಳು ಸರಿ ಇವೆಯಾ ಅನ್ನುವ ವಕೀಲರ ಅಭಿಪ್ರಾಯ) ಮಾತ್ರ ಬೇಡ ಅಂದರು. ಅದು ಸರಿಯೇ. ಒಪೀನಿಯನ್‌ಗೆ ಬೆಲೆ ಬರುವುದೇ ಕೊಟ್ಟವರ ಮೇಲಿನ ನಂಬಿಕೆಯಿಂದ. ನೀವೂ ಮೂಲಪತ್ರಗಳನ್ನೆಲ್ಲ ಇನ್ನೊಬ್ಬರಿಂದ ಹೊಸದಾಗಿ ಓದಿಸಿ.

ಒಂದು ವೇಳೆ ಇಸಿಯಲ್ಲಿ ವ್ಯವಹಾರವೇ ಕಾಣದಿದ್ದರೆ, ಅಂದರೆ ಬರೀ ನೋಟರಿ ಅಥವಾ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಮಾಡಿಸಿಕೊಟ್ಟಿದ್ದರೆ, ಚಿಂತೆ ಮಾಡಬೇಕಾದ್ದು ಅಲ್ಲಿ. ಬರೀ ಜಿಪಿಎ ಮೇಲಿನ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ವಕೀಲರು ಎಷ್ಟೇ ದೊಡ್ಡವರಾಗಿದ್ದರೂ ಅಂಥ ಪತ್ರ ನಿಲ್ಲುತ್ತಿರಲಿಲ್ಲ.

ಮಲ್ಲೇಶ್ವರದಿಂದ:
ಸೈಟಿಗಿಂತ ನಿಮ್ಮ ಕೇಸಿನ ಬಗ್ಗೆ ನನಗೆ ಜಾಸ್ತಿ ಭಯ. ಇವತ್ತೇ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ ಹಾಕಿ ನೋಡಿ.

ನನ್ನ ತಮ್ಮನ ಕೇಸು ಸಿಟಿ ಸಿವಿಲ್ ಕೋರ್ಟಿನಲ್ಲಿತ್ತು. ಕೇಳಿದಾಗಲೆಲ್ಲ ವಕೀಲರು 'ಮುಂದಿನ ತಾರೀಕು ಬಂದಿದೆ' ಅನ್ನುತ್ತಿದ್ದರು. ನಾವೂ ಸುಮ್ನೆ ನಂಬಿದೆವು. ಅವರನ್ನು ಅಮಾನತು ಮಾಡಿದ್ದರು, ಅಮಾನತಾದವರು ಯಾವ ಕೋರ್ಟಿನಲ್ಲೂ ನಿಲ್ಲುವ ಹಾಗಿಲ್ಲ. ಹಾಜರಾಗುವವರೇ ಇಲ್ಲದೆ ಕೇಸು ಗೈರುಹಾಜರಿಯಲ್ಲಿ ವಜಾ ಆಗಿ ಏಳು ತಿಂಗಳಾಗಿತ್ತು. ಆ ಸಂಜೆ ತಮ್ಮ ಊಟ ಮಾಡಲಿಲ್ಲ.

ಹೀಗೆ ವಜಾ ಆದ ಕೇಸನ್ನು ಮತ್ತೆ ತೆರೆಸಲು ಅರ್ಜಿ ಹಾಕಬೇಕು. ಅದಕ್ಕೆ ಕೊಡುವ ಸಮಯ ಬರೀ 30 ದಿನ. ತಡವಾದರೆ ತಡ ಯಾಕಾಯಿತು ಅಂತ ದಿನಾಂಕ ಸಮೇತ ಹೇಳಿ, ವಿಳಂಬ ಮನ್ನಿಸಿ ಅಂತ ಇನ್ನೊಂದು ಅರ್ಜಿ ಜೊತೆಗೆ ಕೊಡಬೇಕು. ವಕೀಲರಿಗೆ ಫೀಸು ಕಳಿಸಿದ ಲೆಕ್ಕ, ಅವರ ವಾಟ್ಸಾಪ್ ಉತ್ತರಗಳು, ಅಮಾನತಿನ ಆದೇಶ, ಎಲ್ಲವನ್ನೂ ಹೊಸ ವಕೀಲರು ಲಗತ್ತಿಸಿದರು. ವಕೀಲರು ಮಾಡಿದ ತಪ್ಪಿಗೆ ಏನೂ ಅರಿಯದ ಕಕ್ಷಿದಾರ ನಷ್ಟ ಅನುಭವಿಸಬಾರದು ಅಂತ 1981ರಲ್ಲಿ ರಫೀಕ್ ವಿರುದ್ಧ ಮುನ್ಶಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನೂ ತೋರಿಸಿದರು. ಕೇಸು ಮತ್ತೆ ತೆರೆಯಿತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ದಿನ ಕಳೆದಷ್ಟೂ ಕಷ್ಟ.

ನಿಮ್ಮ ಕೇಸು ಇನ್ನೂ ಜೀವಂತ ಇದ್ದರೆ ತಕ್ಷಣ ಬೇರೆಯವರಿಗೆ ವಕಾಲತ್ತು (ಕೇಸು ನಡೆಸುವ ಅಧಿಕಾರ ಪತ್ರ) ಕೊಡಿ. ಹಳಬರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಸಿಗದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಹಳೆಯ ವಕಾಲತ್ತಿನಲ್ಲಿ ದೋಷ ಇತ್ತು ಅಂತ ಎದುರಿನವರು ತಕರಾರು ತೆಗೆದರೆ ಹೆದರಬೇಡಿ, ಅದು ಸರಿಪಡಿಸಬಹುದಾದ ದೋಷ.

ವಿಜಯನಗರದಿಂದ:
ವಿಲ್ ಬಗ್ಗೆ ಯಾರೂ ಹೇಳಲಿಲ್ಲ. ವಿಲ್ ಬರೆಯಲು ವಕೀಲರೇ ಬೇಕಿಲ್ಲ. ಅಪ್ಪನ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ನೋಂದಣಿಯೂ ಕಡ್ಡಾಯವಲ್ಲ. ಆ ವಕೀಲರೇ ಸಾಕ್ಷಿ ಹಾಕಿದ್ದರೂ ಕಾನೂನಿನ ಪ್ರಕಾರ ತೊಂದರೆ ಇಲ್ಲ. ಆದರೂ ನಾಳೆ ಅವರನ್ನು ಕೋರ್ಟಿಗೆ ಕರೆಸಬೇಕಾಗಿ ಬಂದರೆ ಅವರ ಮಾತಿಗೆ ಎಷ್ಟು ತೂಕ ಇರುತ್ತದೆ, ಯೋಚಿಸಿ. ಅಪ್ಪ ಗಟ್ಟಿಮುಟ್ಟಾಗಿ ಇದ್ದಾರಲ್ವಾ, ಬೇರೆ ಸಾಕ್ಷಿಗಳ ಮುಂದೆ ಹೊಸದು ಬರೆಸಿಬಿಡಿ. ಹಿಂದಿನದು ರದ್ದು ಅಂತ ಅದರಲ್ಲೇ ಒಂದು ಸಾಲು ಇರಲಿ.

ಅವರು ನೋಟರಿಯೂ ಆಗಿದ್ದರಾ? ಹಾಗಿದ್ದರೆ ಸನ್ನದು ಹೋದ ದಿನಾಂಕ, ನೋಟರಿ ಪ್ರಮಾಣಪತ್ರದ ಅವಧಿ ಎರಡನ್ನೂ ವಿಚಾರಿಸಿ. ಅಧಿಕಾರ ಇದ್ದಾಗ ಹಾಕಿದ ಮುದ್ರೆಗೆ ಆಮೇಲಿನ ಶಿಕ್ಷೆಯಿಂದ ಧಕ್ಕೆ ಬರುವುದಿಲ್ಲ. ಆಮೇಲೆ ಹಾಕಿದ್ದಾದರೆ ಆ ಅಫಿಡವಿಟ್ ಮತ್ತೆ ಮಾಡಿಸಿ. ಒಂದು ಬೆಳಗಿನ ಕೆಲಸ ಅಷ್ಟೇ.

ಯಲಹಂಕದಿಂದ:
ಎಲ್ಲರಿಗೂ ತುಂಬಾ ಧನ್ಯವಾದ. ಇಸಿಯಲ್ಲಿ ಅಪ್ಪನ ಹೆಸರು ಬಂದಿದೆ. ಕೇಸೂ ವಜಾ ಆಗಿಲ್ಲ, ಮುಂದಿನ ತಾರೀಕಿಗೆ ಮೂರು ವಾರ ಇದೆ. ಆದರೆ ಕೇಸಿನ ಫೈಲು, ಮೂಲಪತ್ರಗಳು ಆ ವಕೀಲರ ಹತ್ತಿರವೇ ಇವೆ. ಫೀಸು ಬಾಕಿ ಅಂತ ಕೊಡುತ್ತಿಲ್ಲ.

ಮಲ್ಲೇಶ್ವರದಿಂದ:
ಫೀಸು ಬಾಕಿ ಇದೆ ಅಂತ ಕಕ್ಷಿದಾರರ ಫೈಲು ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ. ಇದನ್ನು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಏನೇನು ಕೊಟ್ಟಿದ್ದೀರಿ ಅಂತ ಪಟ್ಟಿಯೂ ಅದರಲ್ಲಿರಲಿ. ಆಗಲೂ ಕೊಡದಿದ್ದರೆ ಅಂಬೇಡ್ಕರ್ ವೀಧಿಯ ಹಳೆ ಕೆಜಿಐಡಿ ಕಟ್ಟಡದಲ್ಲಿ ರಾಜ್ಯ ವಕೀಲರ ಪರಿಷತ್ತಿನ ಕಚೇರಿ ಇದೆ, ಅಲ್ಲಿ ದೂರು ಕೊಡಿ. ಅಷ್ಟರೊಳಗೆ ಹೊಸ ವಕೀಲರು ಕೋರ್ಟಿನಿಂದಲೇ ದೃಢೀಕೃತ ನಕಲು ತೆಗೆಸಲಿ. ಮೂರು ವಾರ ಬೇಗ ಕಳೆಯುತ್ತದೆ.