ಮಗಳ ಪ್ರಾಜೆಕ್ಟಿಗೆ ಕಾಸರಗೋಡಿನದೇ ಉದಾಹರಣೆ ಬೇಕು

ಕುಂಬಳೆಯ ಅಮ್ಮ:
ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಶಿಕ್ಷಣ, ವಿಜ್ಞಾನ, ಸಂಸ್ಕೃತಿಯಲ್ಲಿ ದೇಶಗಳು ಹೇಗೆ ಸೇರಿ ಕೆಲಸ ಮಾಡುತ್ತವೆ ಅಂತ ಪ್ರಾಜೆಕ್ಟ್ ಬರೆಯಬೇಕು. ಇದೇ ಕೆಲಸಕ್ಕಿರುವ ವಿಶ್ವಸಂಸ್ಥೆಯ ಸಂಸ್ಥೆ ಯುನೆಸ್ಕೊ, ಅದನ್ನು ಕಟ್ಟುವ ಒಪ್ಪಂದ ಆದದ್ದು 1945ರಲ್ಲಿ ಲಂಡನ್ನಿನಲ್ಲಿ, ಕಚೇರಿ ಪ್ಯಾರಿಸ್‌ನಲ್ಲಿ, ಇಷ್ಟಕ್ಕೇ ನಿಂತಿದ್ದಾಳೆ. ನಮ್ಮ ಊರಿಗೆ ಹತ್ತಿರದ್ದು ಏನಾದರೂ ಇದೆಯಾ? ಯಕ್ಷಗಾನ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಯಲ್ಲಿದೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು, ಅದನ್ನು ಹಾಕಬಹುದಾ?

ಬದಿಯಡ್ಕದ ಕೃಷಿಕ:
ಅಕ್ಕಾ, ತೆಂಗು ಹಾಕಿಸಿ. ಕಾಸರಗೋಡಿನ ಕೂಡ್ಲಿನಲ್ಲಿ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆಯಲ್ಲ, ಅಲ್ಲಿ ತೆಂಗಿನ ಸಂಶೋಧನೆ 1916ರಲ್ಲೇ ಶುರುವಾಯಿತು, ಆಗ ನಾವೆಲ್ಲ ಮದ್ರಾಸಿಗೆ ಸೇರಿದ್ದೆವು. ಈಗ ಅದೇ ಸಂಸ್ಥೆ ಸುಬ್ರಹ್ಮಣ್ಯದ ಹತ್ತಿರ ಕಿದುವಿನಲ್ಲಿ ಅಂತರರಾಷ್ಟ್ರೀಯ ತೆಂಗು ಜೀನ್ ಬ್ಯಾಂಕನ್ನು, ಅಂದರೆ ಬೇರೆ ಬೇರೆ ತೆಂಗಿನ ತಳಿ ಉಳಿಸುವ ತೋಟವನ್ನು, ನೋಡಿಕೊಳ್ಳುತ್ತದೆ. ಇಂಥ ತೋಟ ಇಂಡೋನೇಷ್ಯಾ, ಪಪುವಾ ನ್ಯೂಗಿನಿ, ಬ್ರೆಜಿಲ್, ಐವರಿ ಕೋಸ್ಟ್‌ಗಳಲ್ಲೂ ಇವೆ. ಭತ್ತವಾದರೆ ಒಣಗಿಸಿ ತಣ್ಣಗಿನ ಕೋಣೆಯಲ್ಲಿ ವರ್ಷಗಟ್ಟಲೆ ಇಡಬಹುದು, ತೆಂಗಿನ ಬೀಜ ಹಾಗೆ ಒಣಗಿದರೆ ಮೊಳಕೆಯೇ ಬರುವುದಿಲ್ಲ, ಹಾಗಾಗಿ ತಳಿಗಳನ್ನು ಮರವಾಗಿಯೇ ಉಳಿಸಬೇಕು. ಎಲ್ಲ ಒಂದೇ ಕಡೆ ಇದ್ದು ರೋಗ ಬಿದ್ದರೆ ಮುಗಿಯಿತು. ಪಪುವಾ ನ್ಯೂಗಿನಿಯಲ್ಲಿ ಬೊಗಿಯಾ ಅನ್ನುವ ರೋಗ ಅಲ್ಲಿನ ಜೀನ್ ಬ್ಯಾಂಕಿಗೇ ಅಪಾಯ ತಂದಿದೆ. ಒಂದು ದೇಶದಿಂದ ಆಗುವ ಕೆಲಸವೇ ಅಲ್ಲ ಇದು.

ನೀಲೇಶ್ವರದ ವಿದ್ಯಾರ್ಥಿ:
ಇನ್ನೊಂದು ಸೇರಿಸಿ. ಇಡೀ ಕಾಯಿ ಕಳಿಸಿದರೆ ಅದರ ಜೊತೆ ಕೀಟ, ರೋಗವೂ ಗಡಿ ದಾಟಬಹುದು. ಅದಕ್ಕೆ ಕಾಯಿಯೊಳಗಿನ ಪುಟ್ಟ ಭ್ರೂಣವನ್ನು ಮಾತ್ರ ತೆಗೆದು ಕಳಿಸಿ, ಲ್ಯಾಬಿನಲ್ಲಿ ಸಸಿ ಮಾಡುತ್ತಾರೆ. ಮಗಳು ಚಿತ್ರ ಬರೆಯಲಿ, ಚೆನ್ನಾಗಿರುತ್ತದೆ. ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಕಸಿ ಮಾಡಿ ಹೈಬ್ರಿಡ್ ಬೆಳೆಸಿದ್ದು 1930ರ ದಶಕದಲ್ಲಿ, ನಮ್ಮ ನೀಲೇಶ್ವರದಲ್ಲಿ!

ಮಂಜೇಶ್ವರದ ಟೀಚರ್:
ಕಸಿ ಅಲ್ಲಪ್ಪಾ, ಪರಾಗ ಸೇರಿಸಿ ಮಾಡಿದ ಸಂಕರ. ತೆಂಗಿಗೆ ಕಸಿ ಕಟ್ಟಲು ಬರುವುದಿಲ್ಲ, ಮಗು ತಪ್ಪು ಬರೆಯುವುದು ಬೇಡ. ಯಕ್ಷಗಾನ ಆ ಪಟ್ಟಿಯಲ್ಲಿ ಇಲ್ಲ, ದಯವಿಟ್ಟು ಹಾಗೆ ಬರೆಸಬೇಡಿ. ಕೇರಳದಿಂದ ಸಂಸ್ಕೃತ ನಾಟಕದ ಕಲೆ ಕೂಡಿಯಾಟ್ಟಂ 2008ರಲ್ಲಿ, ಕಾಳಿಯ ಕಥೆ ಆಡುವ ಮುಡಿಯೇಟ್ಟು 2010ರಲ್ಲಿ ಸೇರಿದವು. ಹೆಸರು ಕಳಿಸುವುದು ಮೇಳಗಳಲ್ಲ, ದೇಶದ ಸರ್ಕಾರ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಮಗು ಯಕ್ಷಗಾನ ಯಾಕೆ ಇನ್ನೂ ಇಲ್ಲ ಅಂತ ಪ್ರಾಜೆಕ್ಟಿನಲ್ಲೇ ಕೇಳಲಿ, ನನಗಂತೂ ತುಂಬಾ ಖುಷಿಯಾಗುತ್ತದೆ.

ಕುಂಬಳೆಯ ಅಮ್ಮ:
ತೆಂಗೇ ಆಗಲಿ, ಆ ಪ್ರಶ್ನೆಯೂ ಇರಲಿ. ಕೂಡ್ಲಿನಲ್ಲಿ ಮಕ್ಕಳನ್ನು ಒಳಗೆ ಬಿಡುತ್ತಾರಾ?

ಬದಿಯಡ್ಕದ ಕೃಷಿಕ:
ಸುಮ್ನೆ ಗೇಟಿಗೆ ಹೋಗಬೇಡಿ ಅಕ್ಕಾ, ಶಾಲೆಯಿಂದ ಒಂದು ಪತ್ರ ಕೊಟ್ಟು ಮೊದಲೇ ಕೇಳಿ.