ತಾತನಿಗೆ ಒಗ್ಗಿದ ಮುದ್ದೆ ನಮಗೇಕೆ ಒಗ್ಗುತ್ತಿಲ್ಲ?

ಪ್ರಶ್ನೆ:
ನಮ್ಮದು ಮಂಡ್ಯ ಜಿಲ್ಲೆಯ ಬೇಸಾಯದ ಮನೆತನ. ನಮ್ಮ ತಾತ ಎರಡು ಹೊತ್ತೂ ರಾಗಿ ಮುದ್ದೆ, ಬಸ್ಸಾರು ಉಂಡು, ಬೀಡಿಯನ್ನೂ ಸೇದುತ್ತ 91 ವರ್ಷ ಬಾಳಿದರು. ಅದೇ ಮುದ್ದೆ ಉಂಡು ಬೆಳೆದು ದಿನಸಿ ಅಂಗಡಿ ಇಟ್ಟ ನಮ್ಮ ತಂದೆಯವರಿಗೆ 48ಕ್ಕೇ ಸಕ್ಕರೆ ಕಾಯಿಲೆ ಬಂತು. ನನಗೀಗ 38; ಬೆಂಗಳೂರಿನಲ್ಲಿ ಕುಳಿತು ಮಾಡುವ ಕೆಲಸ, ದಿನಕ್ಕೆ ನಾಲ್ಕೈದು ಸಿಗರೇಟು. ಕಳೆದ ವಾರ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ 6.1 ಎಂದು ಬಂದಿದ್ದು, ಇದು ಕಾಯಿಲೆಯ ಹೊಸ್ತಿಲು ಎಂದು ವೈದ್ಯರು ಎಚ್ಚರಿಸಿದ್ದಾರೆ. ಅನ್ನ ಬಿಟ್ಟು ಮೂರು ಹೊತ್ತೂ ಮುದ್ದೆ ಉಂಡರೆ ಸಾಕು ಎನ್ನುವುದು ಬಂಧುಗಳ ಸಲಹೆ. ತಂದೆಯವರನ್ನು ಕಾಯದ ಮುದ್ದೆ ನನ್ನನ್ನು ಕಾಯುವುದೇ?

ಉತ್ತರ 1:
ಆಹಾರ ಸಲಹೆಗಾರ್ತಿಯಾಗಿ ಈ ಪ್ರಶ್ನೆಯನ್ನು ನಾನು ಬಹಳ ಸಲ ಎದುರಿಸಿದ್ದೇನೆ. ರಾಗಿಯನ್ನು ಹಗುರವಾಗಿ ಕಾಣಬೇಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದ್ದು, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇರುವುದಿಲ್ಲ. ಆದರೆ ರಾಗಿಯಲ್ಲೂ ಸುಮಾರು ಮೂರರಲ್ಲಿ ಎರಡು ಪಾಲು ಪಿಷ್ಟವೇ. ಗಿರಣಿಯಲ್ಲಿ ನುಣ್ಣಗೆ ಬೀಸಿಸಿದ ಹಿಟ್ಟಿನ ಮುದ್ದೆ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಆದ್ದರಿಂದ ಮುದ್ದೆಯ ಗಾತ್ರವನ್ನು ಅರ್ಧಕ್ಕೆ ಇಳಿಸಿ, ಬಸ್ಸಾರಿನ ಜೊತೆಗೆ ಬರುವ ಸೊಪ್ಪು, ಹುರುಳಿ, ಅವರೆಕಾಳಿನ ಪಲ್ಯವನ್ನು ತಟ್ಟೆಯ ಅರ್ಧದಷ್ಟು ಬಡಿಸಿಕೊಳ್ಳಿ.

2006ರಲ್ಲಿ ಪ್ರಕಟವಾದ, ಚೆನ್ನೈನ ತಜ್ಞರು ನಡೆಸಿದ ಅಧ್ಯಯನವೊಂದರಲ್ಲಿ, ನಿಮ್ಮಂತೆ ಹೊಸ್ತಿಲಲ್ಲಿದ್ದು ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರ ಪೈಕಿ ಮೂರು ವರ್ಷಗಳಲ್ಲಿ ಶೇ 55ರಷ್ಟು ಮಂದಿಗೆ ಕಾಯಿಲೆ ಬಂದರೆ, ಊಟವನ್ನು ತಿದ್ದಿಕೊಂಡು ದಿನವೂ ಅರ್ಧ ಗಂಟೆ ನಡೆಯುವಂತೆ ಒತ್ತಾಸೆ ಪಡೆದವರಲ್ಲಿ ಅದು ಶೇ 39ರಷ್ಟಿತ್ತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ತಕ್ಕಡಿ ಕದಲಲಿಲ್ಲವೆಂದು ನಡಿಗೆ ನಿಲ್ಲಿಸುವವರನ್ನು ನಾನು ದಿನವೂ ನೋಡುತ್ತೇನೆ.

ಉತ್ತರ 2:
ನಾನು ನಿವೃತ್ತ ಬಸ್ ಕಂಡಕ್ಟರ್. ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ ಅವರು 1953ರಲ್ಲಿ, ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು ತೋರಿಸಿದ್ದರು. ನಿಮ್ಮ ತಾತ ಉಂಡ ಮುದ್ದೆ ನೇಗಿಲ ಹಿಂದೆ ಕರಗುತ್ತಿತ್ತು. ತಂದೆಯವರು ಉಂಡದ್ದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಲ್ಲೇ ಉಳಿಯಿತು.

ಉತ್ತರ 3:
ತಾತ ಬೀಡಿ ಸೇದಿಯೂ 91 ವರ್ಷ ಬಾಳಿದರೆಂಬ ಮಾತಿನಿಂದ ದಯವಿಟ್ಟು ಧೈರ್ಯ ತೆಗೆದುಕೊಳ್ಳಬೇಡಿ. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷವಷ್ಟೇ. ಎಳವೆಯಲ್ಲೇ ತೀರಿಕೊಂಡವರು ಅಷ್ಟು ಮಂದಿ. ಉಳಿದು ಬಾಳಿದವರ ಮಾತು ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ಬ್ರಿಟನ್ನಿನ ವೈದ್ಯರನ್ನೇ 50 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ, ಧೂಮಪಾನ ಬಿಡದವರು ಸರಾಸರಿ 10 ವರ್ಷ ಆಯಸ್ಸು ಕಳೆದುಕೊಂಡರು. 40ರ ಸುಮಾರಿಗೆ ಬಿಟ್ಟವರು ಅದರಲ್ಲಿ 9 ವರ್ಷ ಉಳಿಸಿಕೊಂಡರು. ನಿಮಗೆ 38 ಎಂದಿದ್ದೀರಿ. ಮುದ್ದೆಯ ಲೆಕ್ಕಕ್ಕಿಂತ ಮೊದಲು ಸಿಗರೇಟು ಬಿಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಮೂರನೆಯ ಉತ್ತರ ಓದಿದ ಮೇಲೆ ಊರಿಗೆ ಫೋನ್ ಮಾಡಿ ತಾತನ ಒಡಹುಟ್ಟಿದವರ ಬಗ್ಗೆ ಅಜ್ಜಿಯನ್ನು ವಿಚಾರಿಸಿದೆ. ಐವರಲ್ಲಿ ಇಬ್ಬರು ಕೂಸಾಗಿದ್ದಾಗಲೇ ಹೋದರಂತೆ. ತಾತನ ಜೊತೆ ಒಂದೇ ಬೆಂಕಿಕಡ್ಡಿಯಲ್ಲಿ ಬೀಡಿ ಹಚ್ಚುತ್ತಿದ್ದ ತಮ್ಮ 54ಕ್ಕೆ ಎದೆನೋವಿನಿಂದ ತೀರಿಕೊಂಡರಂತೆ. ಅವರ ಹೆಸರನ್ನೂ ನಾನು ಈವರೆಗೆ ಕೇಳಿರಲಿಲ್ಲ. ಇಂದು ಸಿಗರೇಟು ಕೊಂಡಿಲ್ಲ. ನಡಿಗೆಯನ್ನು ಬೆಳಿಗ್ಗೆ ಮಾಡಲೇ, ಊಟದ ನಂತರ ಮಾಡಲೇ?

ಉತ್ತರ 1:
ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷದಿಂದ ಆರಂಭಿಸಿ. ಆ ಹೊತ್ತಿಗೆ ಏರುವ ಸಕ್ಕರೆಯನ್ನು ಕಾಲಿನ ಸ್ನಾಯುಗಳೇ ಬಳಸಿಕೊಳ್ಳುತ್ತವೆ. ಬೆಳಗಿನ ನಡಿಗೆಯನ್ನು ಆಮೇಲೆ ಸೇರಿಸಿಕೊಳ್ಳಬಹುದು. ಮೂರು ತಿಂಗಳ ನಂತರ ಮತ್ತೆ ರಕ್ತಪರೀಕ್ಷೆ ಮಾಡಿಸಿ, ವರದಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ.